ಲಿನಕ್ಸ್ ಮಿಂಟ್‌ನಲ್ಲಿ ನುಡಿ ಕೀಲಿಮಣೆ ಮತ್ತು ಹಳೆಯ ನುಡಿ ಫೈಲುಗಳು: ಯೂನಿಕೋಡ್‌ಗೆ ತರುವ ಸರಿಯಾದ ದಾರಿ ಯಾವುದು?

ಕಡತ_ಕೋಣೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಸಹಕಾರ ಸಂಘದ ಕಚೇರಿಯ ಎರಡು ಹಳೆಯ ಡೆಸ್ಕ್‌ಟಾಪ್‌ಗಳಿಗೆ ಲಿನಕ್ಸ್ ಮಿಂಟ್ 22 (ಎಕ್ಸ್‌ಎಫ್‌ಸಿಇ) ಹಾಕಿದ್ದೇನೆ. ತಲಾ 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದದ್ದೇ ಕಾರಣ. ಪ್ರಿಂಟರ್, ಸ್ಕ್ಯಾನರ್, ಇಂಟರ್ನೆಟ್ ಎಲ್ಲ ಸರಿ ಇವೆ. ಕನ್ನಡದ ವಿಷಯದಲ್ಲಿ ಮಾತ್ರ ಮೂರು ತೊಡಕು.

ಒಂದು, ಟೈಪ್ ಮಾಡುವವರಿಗೆ ರೂಢಿ ಇರುವುದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಕೆಜಿಪಿ (ಕಗಪ, ಅಂದರೆ ಕನ್ನಡ ಗಣಕ ಪರಿಷತ್ತು) ವಿನ್ಯಾಸ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ "ಕನ್ನಡ (ಕಗಪ, ಫೊನೆಟಿಕ್)" ಸೇರಿಸಿ ನೋಡಿದೆ. ವ್ಯಂಜನಗಳು ಬರುತ್ತವೆ. ಆದರೆ ಪದದ ಮೊದಲ ಸ್ವರಕ್ಕೂ ಕಾಗುಣಿತದ ಚಿಹ್ನೆಗೂ ಬೇರೆ ಬೇರೆ ಕೀಲಿ ಒತ್ತಬೇಕಾಗುತ್ತದೆ. ನುಡಿಯಲ್ಲಿ ಹೀಗಿಲ್ಲ.

ಎರಡು, ನುಡಿ ಫಾಂಟಿನಲ್ಲಿರುವ ಸುಮಾರು 400 ಡಾಕ್ ಫೈಲುಗಳಿವೆ: ನಡಾವಳಿ, ಸದಸ್ಯರ ಪಟ್ಟಿ, ನೋಟೀಸು. ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ. ನಡುನಡುವೆ ನಿಜವಾದ ಇಂಗ್ಲಿಷ್ ಪದಗಳೂ ಇವೆ, ಹಾಗಾಗಿ ಕಣ್ಣುಮುಚ್ಚಿ ಪರಿವರ್ತಕಕ್ಕೆ ಕೊಡಲು ಧೈರ್ಯ ಬರುತ್ತಿಲ್ಲ.

ಮೂರು, ವಾರ್ಷಿಕ ವರದಿಯ ಪುಸ್ತಿಕೆ ಅಚ್ಚಾಗಬೇಕು. ಲಿಬ್ರೆಆಫೀಸ್ ರೈಟರ್‌ನಲ್ಲಿ ಕನ್ನಡದ ಫಾಂಟೂ ಗಾತ್ರವೂ ಹೇಳಿದಂತೆ ಕೇಳುತ್ತಿಲ್ಲ. ಪ್ರೆಸ್ಸಿನವರು "ನುಡಿಯಲ್ಲೇ ಕೊಡಿ" ಅನ್ನುತ್ತಾರೆ. ಮುಂದಿನ ಹತ್ತು ವರ್ಷಕ್ಕೂ ಉಳಿಯುವಂಥ ದಾರಿ ಬೇಕು. ತಿಳಿದವರು ವಿವರವಾಗಿ ಹೇಳಿದರೆ ಉಪಕಾರ.

ಕೀಲಿ_ಕೈಪಿಡಿ

ಮೊದಲ ಪ್ರಶ್ನೆ ಹದಿನೈದು ನಿಮಿಷದ ಕೆಲಸ, ಅದನ್ನು ಮುಗಿಸಿಬಿಡೋಣ.

ನೀವು ಸೇರಿಸಿದ್ದು ಎಕ್ಸ್‌ಕೆಬಿ (ಲಿನಕ್ಸ್‌ನ ತಳದ ಕೀಲಿಮಣೆ ವ್ಯವಸ್ಥೆ) ಮಟ್ಟದ ವಿನ್ಯಾಸ. ಅದಕ್ಕೆ ಹಿಂದೆ ಯಾವ ಅಕ್ಷರ ಇದೆ ಅಂತ ಗೊತ್ತಾಗುವುದಿಲ್ಲ. ಒಂದು ಕೀಲಿಗೆ ಒಂದು ಸಂಕೇತ, ಅಷ್ಟೇ. ನುಡಿಯಲ್ಲಿ ‘ಐ’ ಕೀಲಿಯನ್ನು ಪದದ ಮೊದಲಿಗೆ ಒತ್ತಿದರೆ ಇ ಬರುತ್ತದೆ, ವ್ಯಂಜನ ಆದಮೇಲೆ ಒತ್ತಿದರೆ ಗುಡಿಸು ಬರುತ್ತದೆ. ಹಿಂದಿನ ಅಕ್ಷರ ನೋಡಿ ತೀರ್ಮಾನಿಸುವ ಕೆಲಸ ಇನ್‌ಪುಟ್ ಮೆಥಡ್‌ನದು. ಹಾಗಾಗಿ ನಿಮಗೆ ಬೇಕಾದದ್ದು ಐಬಸ್ ಅನ್ನುವ ಇನ್‌ಪುಟ್ ಮೆಥಡ್ ವ್ಯವಸ್ಥೆ, ಅದರ ಜೊತೆಗೆ ಹಲವು ಭಾಷೆಗಳ ಕೀಲಿ ವಿನ್ಯಾಸಗಳಿರುವ ಎಂ17ಎನ್.

ಸಾಫ್ಟ್‌ವೇರ್ ಮ್ಯಾನೇಜರ್ ಅಥವಾ ಸಿನಾಪ್ಟಿಕ್‌ನಲ್ಲಿ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ. ಮಿಂಟ್‌ನ "ಇನ್‌ಪುಟ್ ಮೆಥಡ್" ಸಾಧನ ತೆರೆದು ಫ್ರೇಮ್‌ವರ್ಕ್ ಜಾಗದಲ್ಲಿ ಐಬಸ್ ಆಯ್ಕೆ ಮಾಡಿ. ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಜಿಟಿಕೆ, ಕ್ಯೂಟಿ ಪ್ರೋಗ್ರಾಂಗಳು ಯಾವ ಇನ್‌ಪುಟ್ ಮೆಥಡ್ ಬಳಸಬೇಕು ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು ಲಾಗಿನ್ ಹೊತ್ತಿನಲ್ಲೇ ಕೂರುವುದು. ಈ ಹೆಜ್ಜೆ ಬಿಟ್ಟವರೇ "ಪ್ಯಾಕೇಜ್ ಹಾಕಿದೆ, ಏನೂ ಆಗಲಿಲ್ಲ" ಅನ್ನುವುದು. ಆಮೇಲೆ ಐಬಸ್ ಪ್ರಿಫರೆನ್ಸಸ್ → ಇನ್‌ಪುಟ್ ಮೆಥಡ್ → ಆಡ್ → ಕನ್ನಡ → ಕೆಜಿಪಿ. ಇಂಗ್ಲಿಷ್‌ಗೂ ಕನ್ನಡಕ್ಕೂ ಬದಲಾಯಿಸಲು ಸೂಪರ್ + ಸ್ಪೇಸ್.

ಈಗ ಮುಖ್ಯ ಮಾತು: ಮೊದಲು ಸೇರಿಸಿದ್ದ ಕಗಪ ವಿನ್ಯಾಸವನ್ನು ಕೀಬೋರ್ಡ್ ಸೆಟ್ಟಿಂಗ್ಸ್‌ನಿಂದ ತೆಗೆದುಹಾಕಿ, ತಳದಲ್ಲಿ ಇಂಗ್ಲಿಷ್ (ಯುಎಸ್) ಮಾತ್ರ ಇರಲಿ. ಎಂ17ಎನ್ ಇಂಗ್ಲಿಷ್ ಅಕ್ಷರಗಳನ್ನು ಎದುರುನೋಡುತ್ತದೆ. ತಳದ ವಿನ್ಯಾಸವೇ ಕನ್ನಡ ಅಕ್ಷರ ಕಳಿಸಿದರೆ ಅದು ಏನನ್ನೂ ಜೋಡಿಸದೆ ಹಾಗೇ ದಾಟಿಸಿಬಿಡುತ್ತದೆ.

ಸರಿಯಾಗಿ ಕೂತಿದೆಯೇ ನೋಡಲು ಮೂರು ಪದ ಸಾಕು:

ಅಕ್ಕ: ಎ, ಕೆ, ಎಫ್, ಕೆ
ಕೃಷ್ಣ: ಕೆ, ಶಿಫ್ಟ್+ಆರ್, ಎಕ್ಸ್, ಎಫ್, ಶಿಫ್ಟ್+ಎನ್
ವಿಜ್ಞಾನ: ವಿ, ಐ, ಜೆ, ಎಫ್, ಜಡ್, ಶಿಫ್ಟ್+ಎ, ಎನ್

ಮೂರೂ ಬಂದರೆ ಒತ್ತು, ವಟ್ರಸುಳಿ, ಅನುನಾಸಿಕ ಎಲ್ಲ ಸರಿ ಅಂತ ಅರ್ಥ. ಟೈಪಿಸ್ಟ್ ಏನನ್ನೂ ಹೊಸದಾಗಿ ಕಲಿಯಬೇಕಿಲ್ಲ: ಟ, ಠ ‘ಕ್ಯೂ’ನಲ್ಲಿ, ಡ, ಢ ‘ಡಬ್ಲ್ಯು’ನಲ್ಲಿ, ಹಲಂತ ‘ಎಫ್’ನಲ್ಲಿ, ಎಲ್ಲ ನುಡಿಯಲ್ಲಿ ಇದ್ದಲ್ಲೇ.

ಒಂದು ಎಚ್ಚರಿಕೆ ಅವರಿಗೆ ಹೇಳಿಡಿ. ಟೈಪ್ ಮಾಡುತ್ತಿರುವ ಅಕ್ಷರದ ಕೆಳಗೆ ಗೆರೆ ಕಾಣಿಸಿದರೆ ಅದು ಇನ್ನೂ ಫೈಲಿಗೆ ಸೇರಿಲ್ಲ. ಆಗ ಮೌಸಿನಿಂದ ಬೇರೆ ಕಡೆ ಕ್ಲಿಕ್ ಮಾಡಿದರೆ ಕೆಲವು ಪ್ರೋಗ್ರಾಂಗಳಲ್ಲಿ ಕೊನೆಯ ಅಕ್ಷರ ಹಾರಿಹೋಗುತ್ತದೆ. ಸ್ಪೇಸ್ ಅಥವಾ ಬಾಣದ ಕೀಲಿ ಒತ್ತಿ ಅಕ್ಷರ ಕೂತಮೇಲೆ ಮೌಸ್ ಮುಟ್ಟಲಿ.

ರೈಟರ್‌ನಲ್ಲಿ ಮಾತ್ರ ಕನ್ನಡ ಬರುತ್ತಿಲ್ಲ ಅಂದರೆ ಹೆಲ್ಪ್ → ಅಬೌಟ್ ತೆರೆದು ವಿಸಿಎಲ್ ಎದುರು ಜಿಟಿಕೆ3 ಇದೆಯೇ ನೋಡಿ. ಇಲ್ಲದಿದ್ದರೆ ಲಿಬ್ರೆಆಫೀಸ್-ಜಿಟಿಕೆ3 ಪ್ಯಾಕೇಜ್ ಹಾಕಿ.

ಶಿರಸಿ_ಟಕ್ಸ್

ಮೇಲಿನದಕ್ಕೆ ಸಣ್ಣ ಸೇರ್ಪಡೆ. ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಕಂಡರೆ ಗಾಬರಿ ಬೇಡ. ಟರ್ಮಿನಲ್ ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಹಂಚುತ್ತದೆ, ನಮ್ಮ ಒತ್ತಕ್ಷರ ಆ ಚೌಕದಲ್ಲಿ ಕೂರುವುದಿಲ್ಲ. ಫೈಲಿನ ಹೆಸರು ಒಳಗೆ ಸರಿಯಾಗೇ ಇರುತ್ತದೆ, ಫೈಲ್ ಮ್ಯಾನೇಜರ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ಫಾಂಟು. ಫಾಂಟ್ಸ್-ಕೆಎನ್‌ಡಿಎ ಅನ್ನುವ ಒಂದೇ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಬರುತ್ತವೆ. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಫಾಂಟ್ಸ್-ನೋಟೋ-ಕೋರ್‌ನಲ್ಲಿವೆ. ಕಚೇರಿ ಪತ್ರಕ್ಕೆ ನೋಟೋ ಸೆರಿಫ್, ಪರದೆಯ ಮೇಲೆ ಓದಲು ನೋಟೋ ಸ್ಯಾನ್ಸ್ ನನ್ನ ಆಯ್ಕೆ. ನವಿಲು ಕೈಬರಹದ ಹಾಗಿದೆ, ಆಮಂತ್ರಣಕ್ಕೆ ಚೆಂದ, ನಡಾವಳಿಗೆ ಬೇಡ.

ಒತ್ತಕ್ಷರ

ಎರಡನೆಯ ಪ್ರಶ್ನೆಯೇ ನಿಜವಾದ ಕೆಲಸ. ಅವಸರ ಮಾಡಿದರೆ 400 ಫೈಲೂ ಕೆಡುತ್ತವೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆಯ ನುಡಿ ಫೈಲಿನಲ್ಲಿ ಕನ್ನಡವೇ ಇಲ್ಲ, ಕನ್ನಡದ ತುಂಡುಗಳ ಚಿತ್ರಗಳನ್ನು ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಜಾಗದಲ್ಲಿ ಇಟ್ಟಿದ್ದಾರೆ. "ಕನ್ನಡ" ಅನ್ನುವ ಪದ ಒಳಗೆ ಏಳು ಸಂಕೇತ: ದೊಡ್ಡ ‘ಪಿ’ ಅಂದರೆ ತಲಕಟ್ಟಿಲ್ಲದ ಕ, ತಲೆಯ ಮೇಲೆ ಗೀಟಿರುವ ‘ಎ’ ಅಂದರೆ ತಲಕಟ್ಟು, ಪೌಂಡ್ ಚಿಹ್ನೆ ಅಂದರೆ ತಲಕಟ್ಟಿಲ್ಲದ ನ, ಮತ್ತೆ ತಲಕಟ್ಟು, ಜರ್ಮನ್ ‘ಎಸ್‌ಜೆಟ್’ ಅಂದರೆ ನ ಒತ್ತು, ಸಣ್ಣ ‘ಕ್ಯೂ’ ಅಂದರೆ ತಲಕಟ್ಟಿಲ್ಲದ ಡ, ಕೊನೆಗೆ ಇನ್ನೊಂದು ತಲಕಟ್ಟು. ಫಾಂಟ್ ಇಲ್ಲದಿದ್ದರೆ ಈ ಸಂಕೇತಗಳು ತಮ್ಮ ಅಸಲಿ ರೂಪದಲ್ಲಿ ಕಾಣಿಸುತ್ತವೆ. ನೀವು ನೋಡಿದ ಕಲಸುಮೇಲೋಗರ ಅದೇ.

ಇದರಿಂದ ಮೂರು ತಾಪತ್ರಯ.

ಮೊದಲನೆಯದು, ಸಂಕೇತಗಳು ಒಂದರೊಳಗೊಂದು ಅಡಗಿವೆ. ದೊಡ್ಡ ‘ಎ’ ಒಂದೇ ಇದ್ದರೆ ಸೊನ್ನೆ (ಅಂ-ಕಾರದ ಬಿಂದು). ಅದೇ ‘ಎ’ ಆದಮೇಲೆ ಸಣ್ಣ ‘ಐ’ಯೂ ಇನ್ನೆರಡು ಸಂಕೇತಗಳೂ ಬಂದರೆ ನಾಲ್ಕೂ ಸೇರಿ ಯ. ವ ಅಕ್ಷರಕ್ಕೆ ಒಂದು ಬಾಲ ಅಂಟಿಸಿದರೆ ಮ. ಹಾಗಾಗಿ ಉದ್ದನೆಯ ಸರಣಿಯನ್ನು ಮೊದಲು ಹುಡುಕಿ ಬದಲಿಸಬೇಕು, ಗಿಡ್ಡದ್ದು ಆಮೇಲೆ. ಒಂದೊಂದೇ ಅಕ್ಷರ ಬದಲಿಸುವ ಫೈಂಡ್-ರಿಪ್ಲೇಸ್ ಪಟ್ಟಿ ಮಾಡಿಕೊಂಡರೆ ಯ ಇದ್ದಲ್ಲೆಲ್ಲ ಸೊನ್ನೆ ಬಂದು ಕೂರುತ್ತದೆ.

ಎರಡನೆಯದು, ಕ್ರಮವೇ ಬೇರೆ. "ಅಕ್ಕಿ" ಪದದ ‘ಕ್ಕಿ’ ನುಡಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿದೆ: ಮೊದಲು ಕಿ, ಆಮೇಲೆ ಕ ಒತ್ತು. ಯೂನಿಕೋಡ್‌ನಲ್ಲಿ (ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಸಂಕೇತ ಇರುವ ಮಾನದಂಡ) ಉಚ್ಚಾರದ ಕ್ರಮ: ಕ, ಹಲಂತ, ಕ, ಗುಡಿಸು. "ಸೂರ್ಯ" ಪದದಲ್ಲಿ ಅರ್ಕಾವತ್ತು ನುಡಿಯಲ್ಲಿ ಯ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಅಕ್ಷರಗಳನ್ನು ಹಿಂದುಮುಂದು ಸರಿಸಲು ತಿಳಿದಿರಬೇಕು.

ಮೂರನೆಯದು ನಿಮ್ಮ ಭಯ, ಅದು ಸರಿಯಾದದ್ದೇ. ಪರಿವರ್ತಕಕ್ಕೆ ದೊಡ್ಡ ‘ಸಿ’ ಅಂದರೆ ಅ, ದೊಡ್ಡ ‘ಡಿ’ ಅಂದರೆ ಆ. ಇಂಗ್ಲಿಷಿನಲ್ಲಿ ಸಿಡಿ ಅಂತ ಬರೆದಿದ್ದರೆ ಅದು "ಅಆ" ಆಗುತ್ತದೆ. ಪಠ್ಯದಲ್ಲಿ ಕನ್ನಡ ಯಾವುದು ಇಂಗ್ಲಿಷ್ ಯಾವುದು ಅಂತ ತಿಳಿಯಲು ಇರುವ ಒಂದೇ ಗುರುತು ಫಾಂಟಿನ ಹೆಸರು. ಬರಿಯ ಪಠ್ಯವಾಗಿ ಕಾಪಿ ಮಾಡಿದ ಕ್ಷಣ ಆ ಗುರುತು ಹೋಯಿತು. ಆದ್ದರಿಂದ ಫೈಲಿನ ಫಾಂಟ್ ಮಾಹಿತಿ ಉಳಿಸಿಕೊಂಡೇ ಪರಿವರ್ತಿಸಬೇಕು.

ಮಾಡುವ ಬಗೆ ಹೀಗೆ.

ಮೂಲ ಫೈಲುಗಳನ್ನೆಲ್ಲ ಬೇರೆ ಫೋಲ್ಡರಿಗೆ ನಕಲಿಸಿ, ಆ ನಕಲನ್ನು ಓದಲು ಮಾತ್ರ ಬರುವ ಹಾಗೆ ಮಾಡಿ ಇನ್ನೊಂದು ಡಿಸ್ಕಿಗೂ ಹಾಕಿಡಿ. ಪರಿವರ್ತನೆ ಮುಗಿದಮೇಲೂ ಅದನ್ನು ಅಳಿಸಬೇಡಿ.

ಹಳೆಯ ಕಂಪ್ಯೂಟರಿನಿಂದ ನುಡಿಯ ಟಿಟಿಎಫ್ ಫಾಂಟುಗಳನ್ನು ತಂದು ಹೋಮ್‌ನ ಒಳಗಿರುವ ಡಾಟ್-ಲೋಕಲ್ → ಶೇರ್ → ಫಾಂಟ್ಸ್ ಫೋಲ್ಡರಿಗೆ ಹಾಕಿ (ಇಲ್ಲದಿದ್ದರೆ ಫಾಂಟ್ಸ್ ಫೋಲ್ಡರ್ ನೀವೇ ಮಾಡಿ), ಎಫ್‌ಸಿ-ಕ್ಯಾಶ್ ಓಡಿಸಿ. ಈಗ ಹಳೆಯ ಫೈಲುಗಳು ಲಿನಕ್ಸ್‌ನಲ್ಲೂ ಮೊದಲಿನ ಹಾಗೇ ಕಾಣಿಸುತ್ತವೆ. ಪಕ್ಕದಲ್ಲಿಟ್ಟು ತಾಳೆ ನೋಡಲು ಇದು ಬೇಕೇ ಬೇಕು. ಆ ಹಳೆಯ ಫೈಲನ್ನು ತಿದ್ದುವುದಿದ್ದರೆ ಆಟೋಕರೆಕ್ಟ್‌ನಲ್ಲಿ ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವ ಆಯ್ಕೆಯನ್ನು ಆಫ್ ಮಾಡಿ. ಇಲ್ಲದಿದ್ದರೆ ಡ ಅಂತ ಶುರು ಮಾಡಿದ್ದು ಸಣ್ಣ ‘ಕ್ಯೂ’ನಿಂದ ದೊಡ್ಡ ‘ಕ್ಯೂ’ ಆಗಿ ಕಿ ಆಗುತ್ತದೆ.

ಬೆರಳೆಣಿಕೆಯ ಫೈಲಾದರೆ ಕೈಯಲ್ಲೇ ಮಾಡಬಹುದು: ಕಂಟ್ರೋಲ್+ಎಚ್, ಅಲ್ಲಿ ಫಾರ್ಮ್ಯಾಟ್ ಗುಂಡಿ, ಫಾಂಟ್ ನುಡಿ ಅಂತ ಆರಿಸಿ, ಹುಡುಕುವ ಜಾಗ ಖಾಲಿ ಬಿಟ್ಟು ಫೈಂಡ್ ಆಲ್. ನುಡಿ ಫಾಂಟಿನ ಭಾಗಗಳು ಮಾತ್ರ ಆಯ್ಕೆಯಾಗಿ ಎಲ್ಲೆಲ್ಲಿವೆ ಅಂತ ಕಾಣಿಸುತ್ತವೆ, ಅವನ್ನಷ್ಟೇ ಪ್ಯಾರಾ ಪ್ಯಾರಾ ಪರಿವರ್ತಿಸಿ.

400 ಫೈಲಿಗೆ ಸ್ಕ್ರಿಪ್ಟೇ ದಾರಿ. ಲಿಬ್ರೆಆಫೀಸ್‌ನ ಹೆಡ್‌ಲೆಸ್ (ಕಿಟಕಿ ತೆರೆಯದೆ ಆದೇಶದಿಂದ ನಡೆಯುವ) ಪರಿವರ್ತನೆಯಿಂದ ಎಲ್ಲ ಡಾಕ್ ಫೈಲನ್ನೂ ಎಫ್‌ಒಡಿಟಿಗೆ ತನ್ನಿ. ಇದು ಜಿಪ್ ಮಾಡದ ಒಂದೇ ಎಕ್ಸ್‌ಎಂಎಲ್ ಫೈಲು, ಪೈಥಾನ್‌ನಿಂದ ಓದುವುದು ಸುಲಭ. ಆ ಹೊತ್ತಿನಲ್ಲಿ ಲಿಬ್ರೆಆಫೀಸ್ ಕಿಟಕಿ ತೆರೆದಿದ್ದರೆ ಆದೇಶ ಏನೂ ಮಾಡದೆ, ದೋಷವನ್ನೂ ಹೇಳದೆ ಮುಗಿದುಬಿಡಬಹುದು. ಮೊದಲು ಎಲ್ಲ ಮುಚ್ಚಿ.

ಅಕ್ಷರ ಬದಲಿಸುವ ಭಾಗ ನೀವೇ ಬರೆಯಬೇಕಿಲ್ಲ. ಆಸ್ಕಿ2ಯೂನಿಕೋಡ್ ಅಂತ ಗಿಟ್‌ಹಬ್‌ನಲ್ಲಿ ಹುಡುಕಿದರೆ ಕನ್ನಡದ್ದು ಮುಕ್ತವಾಗಿ ಸಿಗುತ್ತದೆ. ನಿಮ್ಮ ಸ್ಕ್ರಿಪ್ಟ್ ಮಾಡಬೇಕಾದದ್ದು ಇಷ್ಟು: ಯಾವ ಸ್ಟೈಲ್‌ಗಳ ಫಾಂಟ್ ನುಡಿ ಅಂತ ಪಟ್ಟಿ ಮಾಡುವುದು, ಆ ಸ್ಟೈಲ್ ಇರುವ ಪಠ್ಯವನ್ನಷ್ಟೇ ಪರಿವರ್ತಕಕ್ಕೆ ಕೊಡುವುದು. ಸ್ಪ್ಯಾನ್‌ಗೆ (ಪ್ಯಾರಾದೊಳಗೆ ಒಂದೇ ಸ್ಟೈಲ್ ಇರುವ ಪಠ್ಯದ ತುಂಡು) ಸ್ವಂತ ಫಾಂಟ್ ಇಲ್ಲದಿದ್ದರೆ ಪ್ಯಾರಾ ಸ್ಟೈಲ್, ಅಲ್ಲೂ ಇಲ್ಲದಿದ್ದರೆ ಅದರ ತಾಯಿ ಸ್ಟೈಲ್ ನೋಡಬೇಕು.

ಎಡವುವುದು ಎರಡು ಕಡೆ. ಹಳೆಯ ಫೈಲಿನಲ್ಲಿ ಒಂದೇ ಪದ ಎರಡು ಮೂರು ಸ್ಪ್ಯಾನ್‌ಗಳಾಗಿ ತುಂಡಾಗಿರುತ್ತದೆ, ಎಷ್ಟೋ ಸಲ ಅಕ್ಷರದ ನಡುವೆಯೇ. ಕ ಒಂದು ಕಡೆ, ಅದರ ತಲಕಟ್ಟು ಇನ್ನೊಂದು ಕಡೆ. ಹಾಗೇ ಪರಿವರ್ತಿಸಿದರೆ ಎರಡೂ ಕೆಡುತ್ತವೆ. ಪಕ್ಕಪಕ್ಕದಲ್ಲಿರುವ ನುಡಿ ಸ್ಪ್ಯಾನ್‌ಗಳನ್ನು ಮೊದಲು ಒಂದಾಗಿಸಿ.

ಎರಡನೆಯದು ಗಾತ್ರ. ಲಿಬ್ರೆಆಫೀಸ್ ಇಂಗ್ಲಿಷ್‌ಗೂ ಕನ್ನಡಕ್ಕೂ ಬೇರೆ ಬೇರೆ ಫಾಂಟ್, ಗಾತ್ರ, ದಪ್ಪ ಇಟ್ಟುಕೊಳ್ಳುತ್ತದೆ. ನುಡಿ ಪಠ್ಯ ಅದರ ಲೆಕ್ಕದಲ್ಲಿ ಇಂಗ್ಲಿಷ್ ಆಗಿತ್ತು, ಯೂನಿಕೋಡ್ ಆದ ಕೂಡಲೇ ‘ಕಾಂಪ್ಲೆಕ್ಸ್’ ಗುಂಪಿಗೆ ಸೇರುತ್ತದೆ. 18 ಪಾಯಿಂಟಿನ ದಪ್ಪ ಶೀರ್ಷಿಕೆ ಇದ್ದಕ್ಕಿದ್ದಂತೆ 12 ಪಾಯಿಂಟಿನ ತೆಳು ಅಕ್ಷರವಾಗುವುದು ಇದಕ್ಕೇ. ಪ್ರತಿ ನುಡಿ ಸ್ಟೈಲ್‌ನ ಫಾಂಟ್-ಸೈಜ್, ಫಾಂಟ್-ವೇಟ್ ಬೆಲೆಗಳನ್ನು ಅದೇ ಸ್ಟೈಲ್‌ನ ಫಾಂಟ್-ಸೈಜ್-ಕಾಂಪ್ಲೆಕ್ಸ್, ಫಾಂಟ್-ವೇಟ್-ಕಾಂಪ್ಲೆಕ್ಸ್‌ಗೂ ಬರೆಯಿರಿ, ಫಾಂಟ್-ನೇಮ್-ಕಾಂಪ್ಲೆಕ್ಸ್‌ಗೆ ನೋಟೋ ಸೆರಿಫ್ ಕನ್ನಡ ಕೊಡಿ.

ಮೊದಲು ಹತ್ತು ಫೈಲು ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಓದಿ. ಅರ್ಕಾವತ್ತು, ಎರಡು ಒತ್ತು ಇರುವ ಪದ (ರಾಷ್ಟ್ರ, ಸ್ತ್ರೀ), ಯ/ಮ/ವ, ಮತ್ತು ಅಂಕಿಗಳನ್ನು ವಿಶೇಷವಾಗಿ ನೋಡಿ. ಸದಸ್ಯರ ಪಟ್ಟಿಯಲ್ಲಿ ಹೆಸರು ತಪ್ಪಾದರೆ ಸಣ್ಣ ವಿಷಯವಲ್ಲ, ಆ ಫೈಲುಗಳನ್ನು ಪೂರ್ತಿ ಒಬ್ಬರು ಓದಲೇಬೇಕು. ಇಷ್ಟು ಶ್ರಮಕ್ಕೆ ಸಿಗುವ ಫಲವೂ ಅಲ್ಲೇ ಕಾಣುತ್ತದೆ: ಕ್ಯಾಲ್ಕ್‌ನಲ್ಲಿ ಹೆಸರುಗಳು ಕೊನೆಗೂ ಅ-ಆ-ಇ ಕ್ರಮದಲ್ಲಿ ಜೋಡಣೆಯಾಗುತ್ತವೆ. ನುಡಿ ಸಂಕೇತದಲ್ಲಿ ಇದು ಸಾಧ್ಯವೇ ಇರಲಿಲ್ಲ.

ಶಿರಸಿ_ಟಕ್ಸ್

ಕೆಲವು ನಡಾವಳಿಗಳು ಪಿಡಿಎಫ್ ಆಗಿಯಷ್ಟೇ ಉಳಿದಿರಬಹುದು. ಪಾಪ್ಲರ್-ಯುಟಿಲ್ಸ್‌ನ ಪಿಡಿಎಫ್‌ಫಾಂಟ್ಸ್ ಓಡಿಸಿದರೆ ಒಳಗೆ ಯಾವ ಫಾಂಟ್ ಇದೆ ಅಂತ ತಿಳಿಯುತ್ತದೆ. ನುಡಿ ಅಂತ ಇದ್ದರೆ ಮೊದಲು ಪಿಡಿಎಫ್‌ಟುಟೆಕ್ಸ್ಟ್‌ನಿಂದ ಪಠ್ಯ ತೆಗೆದು ಪರಿವರ್ತಕಕ್ಕೆ ಕೊಟ್ಟು ನೋಡಿ. ಅದರಲ್ಲಿ ಅರ್ಥವಿಲ್ಲದ್ದು ಬಂದರೆ ಅಥವಾ ಸ್ಕ್ಯಾನ್ ಮಾಡಿದ ಪುಟವಾದರೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು): ಪಿಡಿಎಫ್‌ಟುಪಿಪಿಎಂನಿಂದ 300 ಡಿಪಿಐನಲ್ಲಿ ಪುಟಗಳನ್ನು ಚಿತ್ರ ಮಾಡಿ, ಟೆಸೆರಾಕ್ಟ್-ಓಸಿಆರ್-ಕನ್ ಹಾಕಿ, ಭಾಷೆಯ ಜಾಗದಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಕೊಡಿ. 4 ಜಿಬಿ ಯಂತ್ರದಲ್ಲಿ ಪುಟ ಪುಟವಾಗಿ ಓಡಿಸಿ. 150 ಡಿಪಿಐಗೆ ಇಳಿಸಿದರೆ ಮೊದಲು ಹೋಗುವುದು ಒತ್ತುಗಳು. ಓಸಿಆರ್ ಪಠ್ಯವನ್ನು ತಿದ್ದದೆ ದಾಖಲೆಯಾಗಿ ಇಡಬೇಡಿ, ಹುಡುಕಲು ಮಾತ್ರ ಬಳಸಿ.

ಅಚ್ಚುಮೊಳೆ

ಮೂರನೆಯದಕ್ಕೆ ನಾನು.

ರೈಟರ್‌ನಲ್ಲಿ ಟೂಲ್ಸ್ → ಆಪ್ಷನ್ಸ್ → ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್ → ಜನರಲ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರು ಕನ್ನಡ ಆರಿಸಿ. ಆಮೇಲೆ ಅದೇ ಆಪ್ಷನ್ಸ್‌ನಲ್ಲಿ ಲಿಬ್ರೆಆಫೀಸ್ ರೈಟರ್ → ಬೇಸಿಕ್ ಫಾಂಟ್ಸ್ (ಸಿಟಿಎಲ್) ತೆರೆದು ಕನ್ನಡ ಫಾಂಟೂ ಗಾತ್ರವೂ ಕೊಡಿ. "ಹೇಳಿದಂತೆ ಕೇಳುತ್ತಿಲ್ಲ" ಅನ್ನುವುದಕ್ಕೆ ಕಾರಣ ಒತ್ತಕ್ಷರ ಅವರು ಹೇಳಿದ್ದೇ: ನೀವು ಬದಲಿಸುತ್ತಿದ್ದದ್ದು ಇಂಗ್ಲಿಷ್ ಭಾಗದ ಫಾಂಟನ್ನು. ಹೈಫನ್-ಕೆಎನ್ ಪ್ಯಾಕೇಜ್ ಹಾಕಿದರೆ ಉದ್ದ ಕನ್ನಡ ಪದಗಳು ಸಾಲಿನ ಕೊನೆಯಲ್ಲಿ ಸರಿಯಾದ ಜಾಗದಲ್ಲಿ ಮುರಿಯುತ್ತವೆ. ಎರಡು ಕಾಲಂ ಪುಟಕ್ಕೆ ಇದಿಲ್ಲದೆ ಆಗದು, ಪದಗಳ ನಡುವೆ ದೊಡ್ಡ ದೊಡ್ಡ ಕಂಡಿ ಬೀಳುತ್ತದೆ.

ನೋಟೋದ ಸಾಲಿನ ಎತ್ತರ ನುಡಿಗಿಂತ ಹೆಚ್ಚು. 40 ಪುಟದ ಪುಸ್ತಿಕೆ ಅದೇ ಗಾತ್ರದಲ್ಲಿ 40ಕ್ಕೆ ನಿಲ್ಲುವುದಿಲ್ಲ. ಪ್ಯಾರಾ ಸ್ಟೈಲ್‌ನಲ್ಲಿ ಲೈನ್ ಸ್ಪೇಸಿಂಗ್ ‘ಫಿಕ್ಸ್ಡ್’ ಮಾಡಿ, 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್‌ನಿಂದ ಶುರು ಮಾಡಿ. ತೀರಾ ಇಳಿಸಿದರೆ ‘ಷ್ಟ್ರ’ದಂಥ ಎರಡು ಒತ್ತಿನ ಅಕ್ಷರದ ಬುಡ ಕತ್ತರಿಸುತ್ತದೆ ಅಥವಾ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಪುಟ ಕಾಗದದ ಮೇಲೆ ತೆಗೆದು ನೋಡಿಯೇ ಅಳತೆ ನಿಲ್ಲಿಸಿ.

ಚಿತ್ರ, ಜಾಹೀರಾತು ಹೆಚ್ಚಿದ್ದರೆ ಪುಟ ಕಟ್ಟುವ ಸ್ಕ್ರೈಬಸ್ ಬಳಸಿ, ಆದರೆ 1.6 ಅಥವಾ ಅದಕ್ಕಿಂತ ಹೊಸದು. 1.4ರ ಸರಣಿ ಕನ್ನಡದ ಒತ್ತುಗಳನ್ನು ಜೋಡಿಸುವುದೇ ಇಲ್ಲ. ಹಾರ್ಫ್‌ಬಜ್ (ಅಕ್ಷರ ಜೋಡಿಸುವ ಲೈಬ್ರರಿ) ಬಂದಮೇಲೆ ಇದು ಸರಿಹೋಯಿತು.

ಪ್ರೆಸ್ಸಿನವರು ನುಡಿ ಕೇಳುವುದು ಪೇಜ್‌ಮೇಕರ್‌ಗಾಗಿ, ಅದಕ್ಕೆ ಯೂನಿಕೋಡ್ ಬಾರದು. ನೀವೇ ಪುಟ ಕಟ್ಟಿ, ಫಾಂಟ್ ಒಳಗೇ ಸೇರಿದ ಪಿಡಿಎಫ್ ಕೊಟ್ಟರೆ ಅವರಿಗೆ ಯಾವ ಕನ್ನಡ ಫಾಂಟೂ ಬೇಕಿಲ್ಲ. ಕೊಡುವ ಮೊದಲು ಪಿಡಿಎಫ್‌ಫಾಂಟ್ಸ್‌ನಲ್ಲಿ ‘ಎಂಬೆಡೆಡ್’ ಕಾಲಂ ಎಲ್ಲ ಸಾಲಿಗೂ ಯೆಸ್ ಇರಲಿ. ಅವರೇ ಪುಟ ಕಟ್ಟುವುದಾದರೆ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲು ಹೇಳಿ, ಅದರಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅಚ್ಚಿಗೋಸ್ಕರ ಮತ್ತೆ ನುಡಿಗೆ ಹಿಂತಿರುಗಿಸಬೇಡಿ. ಪ್ರೆಸ್ಸಿನಲ್ಲಿ ಮಾಡಿದ ತಿದ್ದುಪಡಿ ಆ ಪ್ರತಿಯಲ್ಲೇ ಉಳಿದು, ನಿಮ್ಮ ಕಡತದಲ್ಲಿ ತಪ್ಪು ಹಾಗೇ ಇರುತ್ತದೆ.

ಕಡತ_ಕೋಣೆ

ಎಲ್ಲರಿಗೂ ತುಂಬಾ ಧನ್ಯವಾದ. ಐಬಸ್ ಸರಿಯಾಗಿದೆ, ಮೂರೂ ಪದ ಬಂದವು. ಹತ್ತು ಫೈಲು ಪರಿವರ್ತಿಸಿ ನೋಡಿದೆ, ಗಾತ್ರವೂ ಉಳಿಯಿತು. ಮೂರು ಪ್ರಶ್ನೆ ಉಳಿದಿವೆ. ಪರಿವರ್ತಿಸಿದ ಫೈಲಿನಲ್ಲಿ "ಕೊಡುಗೆ" ಕಣ್ಣಿಗೆ ಕಾಣುತ್ತಿದೆ, ಆದರೆ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಸಾಫ್ಟ್‌ವೇರ್ ಅನ್ನುವಲ್ಲಿ ಟ ಕೆಳಗೆ ವ ಒತ್ತಾಗಿ ಹೋಗಿದೆ. ಕೆಲವು ಕಡೆ ಸೂರ್ಯ, ಇನ್ನು ಕೆಲವು ಕಡೆ ಸೂರ‍್ಯ ಅಂತ ಬರುತ್ತದೆ.

ಒತ್ತಕ್ಷರ

ಮೂರೂ ಪರಿಹಾರವಾಗುವಂಥವೇ.

ಕೊಡುಗೆ: ಯೂನಿಕೋಡ್‌ನಲ್ಲಿ ಕೊ ಬರೆಯಲು ಎರಡು ಬಗೆ. ಒತ್ವದ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಎರಡು ಸಂಕೇತಗಳಾಗಿ. ಕಾಣುವುದು ಒಂದೇ ಥರ, ಹುಡುಕಾಟಕ್ಕೆ ಬೇರೆ ಬೇರೆ. ಪರಿವರ್ತಕ ತುಂಡು ತುಂಡಾಗಿ ಕೊಟ್ಟಿದೆ, ಕೀಲಿಮಣೆ ಒಂದಾಗಿ ಕೊಡುತ್ತಿದೆ. ಕೀ, ಕೇ, ಕೈ, ಕೋ ಇವಕ್ಕೂ ಇದೇ ತೊಂದರೆ. ನಿಮ್ಮ ಸ್ಕ್ರಿಪ್ಟಿನ ಕೊನೆಯಲ್ಲಿ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎನ್‌ಎಫ್‌ಸಿ ನಾರ್ಮಲೈಸ್ (ತುಂಡು ಸಂಕೇತಗಳನ್ನು ಒಂದಾಗಿಸುವುದು) ಮಾಡಿ. ಈಗಾಗಲೇ ಮಾಡಿದ ಪಠ್ಯ ಫೈಲುಗಳಿಗೆ ಐಸಿಯು-ಡೆವ್‌ಟೂಲ್ಸ್ ಪ್ಯಾಕೇಜಿನ ಯುಕಾನ್ವ್ ಸಾಕು.

ಸಾಫ್ಟ್‌ವೇರ್: ನುಡಿಯಲ್ಲಿ ಟ್ ಅನ್ನುವುದು ಪೂರ್ತಿ ಒಂದು ಆಕಾರ, ಮುಂದಿನ ಅಕ್ಷರಕ್ಕೆ ಅಂಟುವುದಿಲ್ಲ. ಯೂನಿಕೋಡ್‌ನಲ್ಲಿ ಹಲಂತದ ಮುಂದೆ ವ್ಯಂಜನ ಬಂದರೆ ಒತ್ತಾಗುತ್ತದೆ. ನಡುವೆ ಜೀರೋ-ವಿಡ್ತ್ ನಾನ್-ಜಾಯ್ನರ್ (ಅಂಟುವುದನ್ನು ತಡೆಯುವ, ಕಣ್ಣಿಗೆ ಕಾಣದ ಸಂಕೇತ) ಬೇಕು. ನುಡಿಯ ಹಲಂತ ಸಂಕೇತ ಆದಮೇಲೆ ಪದದೊಳಗೆ ಇನ್ನೊಂದು ವ್ಯಂಜನ ಬಂದರೆ ಅದನ್ನು ಸೇರಿಸುವ ಹಾಗೆ ಸ್ಕ್ರಿಪ್ಟ್ ತಿದ್ದಿ. ಪದದ ಕೊನೆಯಲ್ಲಿ ಬೇಡ, ಅಲ್ಲಿ ಸುಮ್ಮನೆ ಉಳಿದರೆ ಹುಡುಕಾಟ ಮತ್ತೆ ಕೆಡುತ್ತದೆ. ಕೈಯಲ್ಲಿ ಹಾಕಲು: ಇಂಗ್ಲಿಷ್‌ಗೆ ಬದಲಾಯಿಸಿ ಕಂಟ್ರೋಲ್+ಶಿಫ್ಟ್+ಯು, ಆಮೇಲೆ 200ಸಿ (ಕೊನೆಯದು ಇಂಗ್ಲಿಷ್ ಸಿ), ಎಂಟರ್.

ಸೂರ್ಯ: ರ, ಹಲಂತ, ಯ ಇದ್ದರೆ ಅರ್ಕಾವತ್ತು. ರ ಆದಮೇಲೆ ಜೀರೋ-ವಿಡ್ತ್ ಜಾಯ್ನರ್ (ಇದೂ ಕಣ್ಣಿಗೆ ಕಾಣದ ಸಂಕೇತ), ನಂತರ ಹಲಂತ, ಯ ಇದ್ದರೆ ರ ನಿಂತು ಯ ಒತ್ತಾಗುತ್ತದೆ. ಹಳೆಯ ಟೈಪಿಸ್ಟುಗಳು ಎರಡನ್ನೂ ಬಳಸಿದ್ದಾರೆ, ಪರಿವರ್ತಕ ಎರಡನ್ನೂ ನಿಷ್ಠೆಯಿಂದ ಉಳಿಸಿದೆ. ಸದಸ್ಯರ ಪಟ್ಟಿಯಲ್ಲಿ ಮಾತ್ರ ಒಂದೇ ರೂಪಕ್ಕೆ ತನ್ನಿ, ಸೂರ್ಯನಾರಾಯಣ ಎರಡು ಕಡೆ ಜೋಡಣೆಯಾಗಬಾರದು. ನಡಾವಳಿಯಲ್ಲಿ ಇದ್ದದ್ದು ಇದ್ದ ಹಾಗೇ ಬಿಡಿ. ಆದರೆ ಈ ಜಾಯ್ನರನ್ನು ಇಡೀ ಫೈಲಿನಿಂದ ಅಳಿಸುವ ಮೊದಲು "ರ‍್ಯಾಲಿ", "ರ‍್ಯಾಂಕ್" ಪದಗಳನ್ನು ಹುಡುಕಿ ನೋಡಿ, ಅವುಗಳಲ್ಲಿ ಅದು ಇರಲೇಬೇಕು.